‘ತಾನಾಗಿಯೇ ಉಳಿಯುತ್ತದೆ’ ಎನ್ನಬಹುದೇ? ಆಟೋಸೇವ್ ಮತ್ತು ಬ್ಯಾಕಪ್‌ಗೆ ಪದ ಬೇಕಾಗಿದೆ

ಪದಾಸಕ್ತರಿಗೆ ನಮಸ್ಕಾರ.

ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸಲು ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಗೆರೆ, ಪದರ, ಅಳತೆ ಮುಂತಾದವುಗಳಿಗೆ ಪದಗಳು ಸಲೀಸಾಗಿ ಒದಗಿದವು. ಮಾಡಿದ ಕೆಲಸ ಕಳೆದುಹೋಗದಂತೆ ನೋಡಿಕೊಳ್ಳುವ ಅಧ್ಯಾಯಕ್ಕೆ ಬಂದಾಗ ಮಾತ್ರ ಲೇಖನಿ ನಿಂತಿದೆ. ಆಟೋಸೇವ್ ಬಗ್ಗೆ ಮೊದಲ ಕರಡಿನಲ್ಲಿ ‘ನಕ್ಷೆಯು 10 ನಿಮಿಷಕ್ಕೊಮ್ಮೆ ತಾನಾಗಿಯೇ ಉಳಿಯುತ್ತದೆ’ ಎಂದು ಬರೆದಿದ್ದೆ. ಕಿವಿಗೆ ಹಿತವಾಗಿದ್ದ ಆ ವಾಕ್ಯ ಒಬ್ಬ ವಿದ್ಯಾರ್ಥಿನಿಯ ಇಡೀ ಮಧ್ಯಾಹ್ನದ ಕೆಲಸವನ್ನು ನುಂಗಿತು. ನಕ್ಷೆ ಬಿಡಿಸುವ ಪ್ರೋಗ್ರಾಂ ಆದ ಆಟೋಕ್ಯಾಡ್‌ನಲ್ಲಿ ಮೆಟ್ಟಿಲಿನ ಸೆಕ್ಷನ್ (ಸೀಳುನೋಟ) ಬಿಡಿಸಿ ಮುಗಿಸಿದ ಆಕೆ, ಮುಚ್ಚುವಾಗ ಬದಲಾವಣೆಗಳನ್ನು ಉಳಿಸಬೇಕೇ ಎಂದು ಪರದೆ ಕೇಳಿದ್ದಕ್ಕೆ, ಹೇಗೂ ತಾನಾಗಿಯೇ ಉಳಿದಿದೆಯಲ್ಲ ಎಂದುಕೊಂಡು ‘ಬೇಡ’ ಒತ್ತಿಬಿಟ್ಟಳು.

ತಪ್ಪು ನನ್ನ ಕ್ರಿಯಾಪದದ್ದು. ಆಟೋಕ್ಯಾಡ್‌ನ ಆಟೋಸೇವ್ ನಕ್ಷೆ ಇರುವ ಮೂಲ ಫೈಲನ್ನು, ಅಂದರೆ ಡಿಡಬ್ಲ್ಯುಜಿ (.dwg) ಫೈಲನ್ನು, ಮುಟ್ಟುವುದೇ ಇಲ್ಲ. ‘ಸೇವ್‌ಟೈಮ್’ ಎಂಬ ಸೆಟ್ಟಿಂಗ್‌ನಲ್ಲಿ ಹೇಳಿರುವಷ್ಟು ನಿಮಿಷಕ್ಕೊಮ್ಮೆ (ನಾವು ಬದಲಿಸದಿದ್ದರೆ ಅದು 10 ನಿಮಿಷ, 0 ಎಂದು ಕೊಟ್ಟರೆ ಆಟೋಸೇವೇ ಇಲ್ಲ) ಅದು ತಾತ್ಕಾಲಿಕ ಫೋಲ್ಡರಿನಲ್ಲಿ ಹೆಸರಿನ ಕೊನೆಗೆ ‘ಎಸ್‌ವಿ ಡಾಲರ್’ (.sv$) ಎಂಬ ಬಾಲವುಳ್ಳ ಬೇರೊಂದು ಫೈಲನ್ನು ಬರೆಯುತ್ತದೆ. ಪ್ರೋಗ್ರಾಂ ಕುಸಿದುಬಿದ್ದರೆ ಈ ಫೈಲು ಅಲ್ಲೇ ಇರುತ್ತದೆ, ಬಾಲವನ್ನು ಡಿಡಬ್ಲ್ಯುಜಿ ಎಂದು ಬದಲಿಸಿ ತೆರೆಯಬಹುದು. ನಕ್ಷೆಯನ್ನು ಸರಿಯಾಗಿ ಮುಚ್ಚಿದರೆ ಅದು ಅಳಿದುಹೋಗುತ್ತದೆ. ಕನ್ನಡದ ‘ಉಳಿ’ ಧಾತುವಿನಲ್ಲಿ ಬಾಳಿಕೆಯ ಅರ್ಥವಿದೆ, ಈ ಫೈಲಾದರೋ ಅಳಿಯಲೆಂದೇ ಹುಟ್ಟಿದ್ದು. ‘ಸ್ವಯಂ ಉಳಿಕೆ’ ಎಂದರೆ ಸಂಸ್ಕೃತ-ಕನ್ನಡ ಪದಗಳು ಬೆರೆತು ಅರಿಸಮಾಸವಾಯಿತೆಂದು ಕೆಲವರು ಮೂಗು ಮುರಿಯಬಹುದು. ನನ್ನ ತಕರಾರು ಅದಲ್ಲ, ‘ಉಳಿಕೆ’ ಎಂದೊಡನೆ ಲೆಕ್ಕದ ಬಾಕಿ ನೆನಪಾಗುತ್ತದೆ ಎಂಬುದು. ಸದ್ಯಕ್ಕೆ ನನಗೆ ಒಪ್ಪಿಗೆಯಾಗಿರುವುದು ‘ಹಂಗಾಮಿ ಪ್ರತಿ’. ಕಾಯಂ ನೌಕರರು ಇಲ್ಲದ ಹೊತ್ತಿಗೆ ಕೆಲಸ ನಿಭಾಯಿಸಿ, ಅವರು ಬಂದೊಡನೆ ಜಾಗ ತೆರವು ಮಾಡುವ ಹಂಗಾಮಿ ನೌಕರರಂತೆಯೇ ಇದರ ಬದುಕು.

ಎರಡನೆಯದು ‘ಬಿಎಕೆ’ ಫೈಲು. ನಾವು ಕೈಯಾರೆ ಸೇವ್ ಮಾಡಿದಾಗಲೆಲ್ಲ, ಅದಕ್ಕೂ ಹಿಂದಿನ ಸಲ ಸೇವ್ ಆಗಿದ್ದ ಸ್ಥಿತಿ ಅದೇ ಹೆಸರಿನಲ್ಲಿ, ಅದೇ ಫೋಲ್ಡರಿನಲ್ಲಿ ಈ ಬಾಲದೊಂದಿಗೆ ಕೂರುತ್ತದೆ. ಗೋಡೆಗಳ ಪದರವನ್ನು ತಪ್ಪಿ ಅಳಿಸಿ ಒಮ್ಮೆ ಸೇವ್ ಮಾಡಿದರೆ ಬಿಎಕೆಯಲ್ಲಿ ಗೋಡೆಗಳು ಇನ್ನೂ ಇರುತ್ತವೆ. ಅಭ್ಯಾಸಬಲದಿಂದ ಇನ್ನೊಮ್ಮೆ ಸೇವ್ ಒತ್ತಿದಿರೋ, ಅಲ್ಲಿಂದಲೂ ಹೋದವು. ಹೆಸರಿನಿಂದ ಇದು ಬ್ಯಾಕಪ್ ಆದರೂ ಡಿಸ್ಕ್ ಕೆಟ್ಟರೆ ಮೂಲದೊಂದಿಗೇ ಮುಳುಗುತ್ತದೆ. ಆದ್ದರಿಂದ ಇದನ್ನು ‘ಹಿಂದಿನ ಪ್ರತಿ’ ಎಂದಷ್ಟೇ ಕರೆಯುವುದು ಪ್ರಾಮಾಣಿಕ ಎನಿಸುತ್ತದೆ.

ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಕಟ್ಟಡದಲ್ಲೇ, ಇಡುವ ನಿಜವಾದ ಬ್ಯಾಕಪ್‌ಗೆ ಏನೆನ್ನುವುದು? ‘ಬೆಂಬಲ ಪ್ರತಿ’ ಎಂಬುದನ್ನು ಕೇಳಿದರೆ ನಕ್ಷೆ ಚುನಾವಣೆಗೆ ನಿಂತಂತಿದೆ. ‘ಮರುಪ್ರತಿ’ ಮರುಮುದ್ರಣದಂತೆ ಕೇಳಿಸುತ್ತದೆ. ‘ಪಡಿಯಚ್ಚು’ ಹೋಲಿಕೆಯನ್ನು ಹೇಳುತ್ತದೆಯೇ ಹೊರತು ರಕ್ಷಣೆಯನ್ನಲ್ಲ. ‘ಬೆಂಗಾವಲು ಪ್ರತಿ’ ಒಂದು ಗಳಿಗೆ ಮನಸೆಳೆಯಿತು. ಆದರೆ ಬೆಂಗಾವಲು ಜೊತೆಯಲ್ಲೇ ಸಾಗುವಂಥದ್ದು, ಬ್ಯಾಕಪ್‌ನ ಗುಣವೋ ಜೊತೆಯಲ್ಲಿ ಇಲ್ಲದಿರುವುದು. ಮನೆಮಾತಿನ ‘ಎತ್ತಿಡು’ ನನಗೆ ಹತ್ತಿರವಾಗಿ ಕಾಣುತ್ತದೆ. ಬೇಕಾದಾಗ ಸಿಗಲೆಂದು, ಈಗಿರುವ ಜಾಗದಿಂದ ತೆಗೆದು ಬೇರೆಡೆ ಭದ್ರವಾಗಿ ಇಡುವುದು ಎಂಬ ಅರ್ಥ ಆ ಒಂದು ಮಾತಿನಲ್ಲೇ ಇದೆ. ಹಾಗಾಗಿ ‘ಎತ್ತಿಟ್ಟ ಪ್ರತಿ’ ಎಂದು ಬರೆದುಕೊಂಡಿದ್ದೇನೆ.

‘ರಿಕವರ್’ ಆಜ್ಞೆಗೆ ‘ಚೇತರಿಕೆ’ ಎಂದವರಿದ್ದಾರೆ. ಅದು ಹಾಳಾದ ಫೈಲನ್ನು ರಿಪೇರಿ ಮಾಡುವುದರಿಂದ ‘ದುರಸ್ತಿ’ ಸಾಕು.

ಬಲ್ಲವರಲ್ಲಿ ಎರಡು ಪ್ರಶ್ನೆಗಳಿವೆ. ‘ಹಂಗಾಮಿ’ ಎಂಬುದು ಇಂದಿನ ಕಲಿಯುವವರಿಗೆ ಕೂಡಲೇ ಹೊಳೆಯುವ ಮಾತೇ, ಅಥವಾ ಸರಕಾರಿ ಆದೇಶದ ವಾಸನೆ ಹೊಡೆಯುತ್ತದೆಯೇ? ‘ಎತ್ತಿಡು’ವಿನಿಂದ, ಗುಂಡಿಯ ಮೇಲೆ ಬರೆಯುವಷ್ಟು ಚಿಕ್ಕದಾದ ನಾಮಪದವೊಂದನ್ನು ನಿಮ್ಮಲ್ಲಿ ಯಾರಾದರೂ ಬಳಸಿದ್ದೀರಾ?