ಆಂಪ್ಲಿಫೈಯರ್‌ನಲ್ಲಿ ಭಾಗ ಕಡಿಮೆಯಾದಷ್ಟೂ ದನಿ ಚೆಂದವಾ?

ಒಂಟಿಟ್ಯೂಬು: ಈಗಿನ ದುಬಾರಿ ಆಂಪ್ಲಿಫೈಯರ್‌ಗಳ ಮುಚ್ಚಳ ತೆಗೆದ್ರೆ ಇರುವೆ ಗೂಡು ನೋಡಿದ ಹಾಗಾಗತ್ತೆ. ದಾರಿಯಲ್ಲಿರೋ ಪ್ರತಿ ರೆಸಿಸ್ಟರ್, ಪ್ರತಿ ಕೆಪಾಸಿಟರ್ ತನ್ನ ಪಾಲು ಕಿತ್ಕೊಂಡೇ ಸಿಗ್ನಲ್ಲನ್ನ ಮುಂದಕ್ಕೆ ಬಿಡೋದು. ನನ್ನದು 300ಬಿ ಅನ್ನೋ ಟ್ಯೂಬಿನ (ಗಾಜಿನ ವಾಲ್ವ್) ಸಿಂಗಲ್ ಎಂಡೆಡ್, ಅಂದ್ರೆ ಕೊನೇ ಹಂತದಲ್ಲಿ ಒಂದೇ ಟ್ಯೂಬು ಇಡೀ ಅಲೆಯನ್ನ ಹೊರೋ ಆಂಪ್. ಚಾನೆಲ್‌ಗೆ 8 ವ್ಯಾಟ್. ಔಟ್‌ಪುಟ್‌ನ ಒಂದಿಷ್ಟನ್ನ ವಾಪಸ್ ಕಳಿಸಿ ತಪ್ಪು ತಿದ್ದೋ ಫೀಡ್‌ಬ್ಯಾಕ್ ಇಲ್ಲ, ಟೋನ್ ಕಂಟ್ರೋಲ್ ಇಲ್ಲ. 1930ರ ದಶಕದ ಟ್ಯೂಬು ಅದು. ಆಮೇಲೆ ಸೇರಿಸಿದ್ದೆಲ್ಲ ಅಲಂಕಾರ.

ಅಳತೆಗಾರ: "ತನ್ನ ಪಾಲು" ಅಂದ್ರೆ ಎಷ್ಟು ಸಾರ್? ಅಳೆದಿದೀರಾ? ಆ 8 ವ್ಯಾಟ್ ಪೂರ್ತಿ ಎಳೆದಾಗ ನಿಮ್ಮದರಲ್ಲಿ ಡಿಸ್ಟಾರ್ಷನ್ (ಸಿಗ್ನಲ್ ಕೆಡೋದು) ಶೇ. 3, 5 ಅಂತ ಬರತ್ತೆ. ಇರುವೆ ಗೂಡು ಅಂತ ಬೈದಿರಲ್ಲ, ಅಂಥದ್ದೊಂದು ಒಳ್ಳೇ ಆಂಪ್‌ನಲ್ಲಿ ಶೇ. 0.01ಕ್ಕಿಂತ ಕೆಳಗೆ. ಅದಿರಲಿ. ಫೀಡ್‌ಬ್ಯಾಕ್ ಇಲ್ಲದ್ದರಿಂದ ಔಟ್‌ಪುಟ್ ಇಂಪೀಡೆನ್ಸ್ (ಆಂಪ್ ಒಳಗಿನ ತಡೆ) 3 ಓಮ್ ಅಂತ ಇಟ್ಕೊಳ್ಳಿ. ಸ್ಪೀಕರ್ ಒಂದು ಫ್ರೀಕ್ವೆನ್ಸಿಯಲ್ಲಿ 4 ಓಮ್, ಇನ್ನೊಂದರಲ್ಲಿ 20 ಓಮ್ ತೋರಿಸಿದ್ರೆ ಎರಡರ ನಡುವೆ 3.5 ಡೆಸಿಬಲ್‌ಗೂ ಮೀರಿದ ಏರುಪೇರು. ಟೋನ್ ಕಂಟ್ರೋಲ್ ಇಲ್ಲ ಅಂತೀರಿ, ನಿಮ್ಮ ಇಡೀ ಆಂಪೇ ಟೋನ್ ಕಂಟ್ರೋಲ್. ತಿರುಗಿಸೋಕೆ ಗುಂಡಿ ಇಲ್ಲ ಅಷ್ಟೇ.

ಒಂಟಿಟ್ಯೂಬು: ಕಿವಿ ಇರೋರಿಗೆ ಶೇಕಡಾ ಲೆಕ್ಕ ಬೇಕಾಗಲ್ಲ. ಆ ಡಿಸ್ಟಾರ್ಷನ್ ಬಹುಪಾಲು ಎರಡನೇ ಹಾರ್ಮೋನಿಕ್ (ಮೂಲ ಸ್ವರದ ಎರಡರಷ್ಟು ಕಂಪನ), ಅಂದ್ರೆ ಮೇಲಿನ ಷಡ್ಜ. ಶ್ರುತಿಯೊಳಗೇ ಕರಗಿ ಹೋಗತ್ತೆ. ನೀವು ಫೀಡ್‌ಬ್ಯಾಕ್ ಹಾಕಿದ್ರೆ ಮೊದಲು ಇಲ್ಲದೇ ಇದ್ದ ಮೇಲಿನ ಹಾರ್ಮೋನಿಕ್‌ಗಳು ಹುಟ್ಕೊಳ್ತವೆ. ಆಡಿಯೋ ಇಂಜಿನಿಯರ್ ಪೀಟರ್ ಬ್ಯಾಕ್ಸಂಡಾಲ್ 1978ರಲ್ಲೇ ತೋರಿಸಿದಾರೆ, ಓದ್ಕೊಂಡು ಬನ್ನಿ.

ಅಳತೆಗಾರ: ಓದಿದೀನಿ, ಅವರ ಗ್ರಾಫಿನ ಬಲಗಡೆಯನ್ನೂ ಸೇರಿಸಿ. ಫೀಡ್‌ಬ್ಯಾಕ್ ಚೂರುಪಾರು ಇದ್ದಾಗ ಆ ಹಾರ್ಮೋನಿಕ್‌ಗಳು ಏಳ್ತವೆ, ಹೆಚ್ಚಿಸ್ತಾ ಹೋದ್ರೆ ಅವೂ ಇಳೀತವೆ. ಅರ್ಧ ಪುಟ ಓದಿ ಎದ್ದು ಬಂದಿದೀರಿ.

ಬೆಸುಗೆಹೊಗೆ: ಸರಳ ಅಂದ್ರೆ ಟ್ಯೂಬೇ ಆಗ್ಬೇಕು ಅಂತ ಯಾರಂದ್ರು ಗುರು? ಗೇನ್‌ಕಾರ್ಡ್ ಅಂತ ಒಂದು ಆಂಪ್ ಇತ್ತು. ಎಲ್‌ಎಂ3875 ಅನ್ನೋ ಒಂದು ಐಸಿ (ಇಡೀ ಸರ್ಕ್ಯೂಟ್ ತುಂಬಿದ ಚಿಪ್), ಸುತ್ತ ಬೆರಳೆಣಿಕೆ ಭಾಗ, ಮುಗೀತು. ಅದೇ ಜಾಡಿನಲ್ಲಿ ನಾನೂ ಒಂದು ಕಟ್ಟಿದೀನಿ, ಚಾನೆಲ್‌ಗೆ 9 ಭಾಗ. ಸೋಲಿಸಿ ನೋಡೋಣ.

ಒಂಟಿಟ್ಯೂಬು: 9 ಅಂತೆ! ಐಸಿ ಒಳಗಿರೋ ಹತ್ತಾರು ಟ್ರಾನ್ಸಿಸ್ಟರ್ ಯಾರ ಲೆಕ್ಕಕ್ಕೆ?

ಬೆಸುಗೆಹೊಗೆ: ನಾನು ಬೆಸುಗೆ ಹಾಕಿದ್ದು ಒಂದು ಐಸಿಗೆ. ಒಂದು ಅಂದ್ರೆ ಒಂದೇ.

ಒಂಟಿಟ್ಯೂಬು: ಬಸ್ಸು ಒಂದೇ. ಹಾಗಂತ ಟಿಕೆಟ್ಟೂ ಒಂದೇನಾ?

ಬೆಸುಗೆಹೊಗೆ: ಟಿಕೆಟ್ ಲೆಕ್ಕಕ್ಕೆ ಇಳಿದ್ರಾ, ಸರಿ. ಟ್ಯೂಬಿಗೂ ಸ್ಪೀಕರ್‌ಗೂ ನಡುವೆ ಇರೋ ನಿಮ್ಮ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಳಗೆ ಸಾವಿರಾರು ಸುತ್ತು ತಂತಿ. ಅದರಲ್ಲಿ ಸದಾ ಡಿಸಿ ಹರೀತಿರತ್ತೆ, ಕಬ್ಬಿಣದ ಕೋರ್ ಸ್ಯಾಚುರೇಟ್ ಆಗದಿರಲಿ (ಕಾಂತತ್ವ ತುಂಬಿ ಹೋಗದಿರಲಿ) ಅಂತ ನಡುವೆ ಗ್ಯಾಪ್ ಬಿಡ್ಬೇಕು, ಅದಕ್ಕೇ ಇಟ್ಟಿಗೆ ಗಾತ್ರ. ಅದು ಎಷ್ಟು ಟಿಕೆಟ್?

ಒಂಟಿಟ್ಯೂಬು: ತಂತಿ ತಂತೀನೇ. ಒಂದು ಟಿಕೆಟ್.

ಅಳತೆಗಾರ: "ತಂತೀನೇ" ಆಗಿದ್ರೆ ಬಾಸ್ ಬಂದಾಗ ಡಿಸ್ಟಾರ್ಷನ್ ಯಾಕೆ ಏರತ್ತೆ? 20 ಕಿಲೋಹರ್ಟ್ಸ್ ಹತ್ತಿರ ದನಿ ಯಾಕೆ ಸೋರಿ ಹೋಗತ್ತೆ?

ಮೂಲೆಸ್ಪೀಕರ್: ನಡುವೆ ಬಾಯಿ ಹಾಕ್ತಿದ್ದೇನೆ ಮಾರಾಯ್ರೆ. ಬಿಬಿಸಿಯವರು 70ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನಿಗೆ ಅಂತ ಎಲ್‌ಎಸ್3/5ಎ ಅನ್ನುವ ಪುಟ್ಟ ಸ್ಪೀಕರ್ ಮಾಡಿದರು. ಡ್ರೈವರ್ (ದನಿ ಹೊರಡಿಸುವ ಘಟಕ) ಎರಡೇ, ಆದರೆ ತಗ್ಗು ದನಿ, ಏರು ದನಿಗಳನ್ನು ಅವಕ್ಕೆ ಹಂಚುವ ಕ್ರಾಸ್‌ಓವರ್ ಬೋರ್ಡ್ ಪೂರಾ ಕಾಯಿಲ್ಲು ಕೆಪಾಸಿಟರು. ಡ್ರೈವರ್‌ಗಳ ಉಬ್ಬುತಗ್ಗನ್ನು ತಿದ್ದಲಿಕ್ಕೆ ಅಷ್ಟೂ ಬೇಕಿತ್ತು. ಇವತ್ತಿಗೂ ಆ ದನಿಗೆ ಮರುಳಾಗುವವರು ಉಂಟು. ಭಾಗ ಹೆಚ್ಚಾದ ಕೂಡಲೇ ಹಾಳು ಅಂತ ಹೇಗೆ ಹೇಳುವುದು?

ಬೆಸುಗೆಹೊಗೆ: ಕ್ರಾಸ್‌ಓವರ್‌ನಲ್ಲಿ ಐಸಿ ಎಲ್ಲಿದೆ? ವಿಷಯಕ್ಕೆ ಬನ್ನಿ.

ಮೂಲೆಸ್ಪೀಕರ್: ವಿಷಯ ಐಸಿ ಅಂತ ಯಾವಾಗ ಆಯ್ತು?

ಹೊಸಕಿವಿ: ಸಾರ್, ನನ್ನ ಸ್ಪೀಕರ್ ಸೆನ್ಸಿಟಿವಿಟಿ 85 ಡೆಸಿಬಲ್. ಅದಕ್ಕೆ 8 ವ್ಯಾಟ್ ಸಾಕಾಗತ್ತಾ?

ಅಳತೆಗಾರ: @ಒಂಟಿಟ್ಯೂಬು, ನೀವು ಕೇಳೋ ರೆಕಾರ್ಡಿಂಗ್‌ಗಳಲ್ಲಿ ಎಷ್ಟೋ ಸ್ಟುಡಿಯೋ ಮಿಕ್ಸರ್ ಒಳಗೇ ಸಾಲು ಸಾಲು ಎನ್‌ಇ5532 ಐಸಿ ದಾಟಿ ಬಂದಿರೋವು. ಮನೇಲಿ ಇನ್ನೊಂದು ದಾಟಿದ್ರೆ ಮೈಲಿಗೆನಾ?

ಒಂಟಿಟ್ಯೂಬು: ಮೈಲಿಗೆ ಅಂದಿದ್ದು ನೀವು. ನಾನು ಇಷ್ಟು ಹೊತ್ತೂ ಮರ್ಯಾದೆಯಿಂದ ಮಾತಾಡಿದೀನಿ. ಮೀಟರ್ ಇಟ್ಕೊಂಡು ಹಾಡು ಕೇಳೋರ ಜೊತೆ ವಾದ ಮಾಡೋದು ನನ್ನದೇ ತಪ್ಪು. ಇದು ನನ್ನ ಕೊನೇ ಮಾತು.

ಮೂಲೆಸ್ಪೀಕರ್: @ಹೊಸಕಿವಿ, 85 ಅನ್ನುವುದು 1 ವ್ಯಾಟಿಗೆ, ಒಂದು ಮೀಟರ್ ದೂರಕ್ಕೆ. 8 ವ್ಯಾಟಿಗೆ 9 ಡೆಸಿಬಲ್ ಕೂಡಿಸಿ, 94. ದೂರ ಕೂತರೆ ಇನ್ನೂ ಕಡಿಮೆ. ಸಣ್ಣ ಕೋಣೆಯಲ್ಲಿ ಮೆಲ್ಲಗೆ ಕೇಳುವುದಾದರೆ ಅಡ್ಡಿಯಿಲ್ಲ.

ಒಂಟಿಟ್ಯೂಬು: "ಮೆಲ್ಲಗೆ" ಅಂತ ಯಾಕೆ ಸೇರಿಸಿದ್ರಿ? ಸ್ಪೀಕರ್ ಸರಿಯಾಗಿ ಆರಿಸಿದ್ರೆ 8 ವ್ಯಾಟ್ ಧಾರಾಳ.

ಅಳತೆಗಾರ: ಕೊನೇ ಮಾತು ಆಗಿತ್ತಲ್ಲ?

ಹೊಸಕಿವಿ: ಸ್ಪೀಕರ್ ಆಗ್ಲೇ ತಗೊಂಡಾಯ್ತು ಸಾರ್...

ಬೆಸುಗೆಹೊಗೆ: ಅದೆಲ್ಲ ಆಮೇಲೆ. ಟಿಕೆಟ್ ಟಿಕೆಟ್ ಅಂದೋರು ತಮ್ಮದನ್ನ ಎಣಿಸಿದಾರಾ ಅಂತ ಮೊದಲು ಹೇಳ್ಲಿ.

ಒಂಟಿಟ್ಯೂಬು: ಈಗಷ್ಟೇ ತಳ ಬಿಚ್ಚಿ ಎಣಿಸಿದೆ. ಚಾನೆಲ್‌ಗೆ 23, ಪವರ್ ಸಪ್ಲೈ ಬಿಟ್ಟು.

ಬೆಸುಗೆಹೊಗೆ: ಬಿಟ್ಟು?! ಸಿಂಗಲ್ ಎಂಡೆಡ್‌ನಲ್ಲಿ ಸಿಗ್ನಲ್ ಕರೆಂಟು ಪವರ್ ಸಪ್ಲೈ ಕೆಪಾಸಿಟರ್ ಹಾದೇ ಸುತ್ತಿ ಬರೋದು. ಅದು ಹೇಗೆ ಬಿಡ್ತೀರಿ?

ಒಂಟಿಟ್ಯೂಬು: ನಿಮ್ಮ 9ರಲ್ಲಿ ಪವರ್ ಸಪ್ಲೈ ಸೇರಿದೆಯಾ?

ಬೆಸುಗೆಹೊಗೆ: ನನ್ನದು ಬೇರೆ ಡಬ್ಬಿಯಲ್ಲಿದೆ.