ಮೊದಲ ಏರ್ ಪಿಸ್ತೂಲು: ಇರುವ ಹಣದಲ್ಲಿ ಯಾವುದು ಸರಿ?

ಹೊಸಗುರಿ:
10 ಮೀಟರ್ ಗುರಿ ಅಭ್ಯಾಸಕ್ಕೆ ಸ್ವಂತದ್ದೊಂದು ಪಿಸ್ತೂಲು ಬೇಕು. ಹೊಸ ಮ್ಯಾಚ್ ಪಿಸ್ತೂಲಿಗೆ (ಸ್ಪರ್ಧೆಗೆಂದೇ ಮಾಡಿದ್ದು) ಬೇಕಾಗುವ ಹಣದಲ್ಲಿ ಹೆಚ್ಚೆಂದರೆ ಅರ್ಧ ಕೈಯಲ್ಲಿದೆ. ಪೆಲೆಟ್ (ಸೀಸದ ಸಣ್ಣ ಗುಂಡು), ಕನ್ನಡಕ, ಬೀಗ ಹಾಕುವ ಪೆಟ್ಟಿಗೆ ಎಲ್ಲವೂ ಅದರಲ್ಲೇ ಆಗಬೇಕು. ಮೂರು ದಾರಿ ಕಾಣುತ್ತಿವೆ. ಒಂದು, ನಿಜವಾದ ಪಿಸ್ತೂಲಿನ ಥರಾನೇ ಕಾಣುವ, ಸಿಒ2 (ಇಂಗಾಲದ ಡೈಆಕ್ಸೈಡ್) ಅನಿಲದಿಂದ ಹೊಡೆಯುವ ಮಾದರಿ; ಇದು ಎಲ್ಲಕ್ಕಿಂತ ಅಗ್ಗ. ಎರಡು, ಪ್ರತಿ ಹೊಡೆತಕ್ಕೂ ಲಿವರ್ ಎಳೆದು ಗಾಳಿ ತುಂಬುವ ಪಿಸ್ತೂಲು. ಮೂರು, ಯಾರೋ ಬಳಸಿದ, ಒತ್ತಿದ ಗಾಳಿಯ ಸಿಲಿಂಡರ್ ಇರುವ ಮ್ಯಾಚ್ ಪಿಸ್ತೂಲು. ಸ್ಪರ್ಧೆ ಸದ್ಯಕ್ಕಿಲ್ಲ, ಆದರೆ ಮುಂದೆ ಹೋಗುವ ಮನಸ್ಸಿದೆ. ಎರಡು ವರ್ಷವಾದರೂ ಬದಲಿಸದೆ ಇಟ್ಟುಕೊಳ್ಳುವಂಥದ್ದು ಯಾವುದು? ಹಳೆಯದನ್ನು ಕೊಳ್ಳುವಾಗ ಏನೇನು ನೋಡಬೇಕು?

ಹತ್ತರವೃತ್ತ:
ಮೊದಲನೆಯದನ್ನು ಪಟ್ಟಿಯಿಂದ ತೆಗೆದುಬಿಡಿ. ಡಬ್ಬದ ಮೇಲೆ 4.5 ಎಂಎಂ ಅಂತ ಬರೆದಿರುತ್ತದೆ, ಮ್ಯಾಚ್ ಪಿಸ್ತೂಲಿನದೂ 4.5 ಎಂಎಂ, ಹಾಗಾಗಿ ಎರಡೂ ಒಂದೇ ಅಂದುಕೊಳ್ಳುವವರು ತುಂಬಾ ಜನ. ಆ ಮಾದರಿಗಳಲ್ಲಿ ಹೆಚ್ಚಿನವು ಉಕ್ಕಿನ ಸಣ್ಣ ಗೋಲಿ ಹಾರಿಸುತ್ತವೆ, ನಳಿಗೆಯೊಳಗೆ ಸುರುಳಿ ಗೆರೆಗಳೇ ಇರುವುದಿಲ್ಲ. ಗೋಲಿ ಸಡಿಲವಾಗಿ ಉರುಳಿಕೊಂಡು ಹೊರಗೆ ಬರುತ್ತದೆ, ಗಟ್ಟಿ ತಟ್ಟೆಗೆ ಬಿದ್ದರೆ ಹೊಡೆದವರ ಕಡೆಗೇ ಪುಟಿಯುತ್ತದೆ. ಸೀಸದ ಪೆಲೆಟ್ ಹಾರಿಸುವ ಮಾದರಿಗಳೂ ಇವೆ, ಆದರೆ ಅವುಗಳ ಟ್ರಿಗರ್ ಬಲು ಭಾರ, ಗುರಿ ಹಿಡಿಯಲು ಮುಂದೆ ಹಿಂದೆ ಇರುವ ಸೈಟ್‌ಗಳ ನಡುವಿನ ಅಂತರ ಗಿಡ್ಡ.

ಈ ಅಂತರಕ್ಕೆ ಯಾಕೆ ಇಷ್ಟು ಮಹತ್ವ ಅನ್ನುವುದಕ್ಕೆ ಒಂದು ಲೆಕ್ಕ ನೋಡಿ. ಗುರಿಹಾಳೆಯ 10ರ ವೃತ್ತದ ವ್ಯಾಸ 11.5 ಎಂಎಂ, ಅಲ್ಲಿಂದಾಚೆ ಪ್ರತಿ ವೃತ್ತಕ್ಕೂ 16 ಎಂಎಂ ಹೆಚ್ಚು. ಪೆಲೆಟ್‌ನ ಅಂಚು ಗೆರೆ ಮುಟ್ಟಿದರೂ ಅಂಕ ಸಿಗುವುದರಿಂದ, ತೂತಿನ ನಡು ಕೇಂದ್ರದಿಂದ 8 ಎಂಎಂ ಒಳಗಿದ್ದರೆ 10, 16ರ ಒಳಗಿದ್ದರೆ 9. ಮುಂದಿನ ಸೈಟ್ ಹಿಂದಿನ ಸೈಟಿನ ಸೀಳಿನಲ್ಲಿ ಬರೀ 1 ಎಂಎಂ ಪಕ್ಕಕ್ಕೆ ಸರಿಯಿತು ಅನ್ನಿ. ಸೈಟ್‌ಗಳ ನಡುವೆ 320 ಎಂಎಂ ಇದ್ದರೆ 10 ಮೀಟರ್ ಆಚೆ ಆ ತಪ್ಪು 31 ಎಂಎಂ ಆಗುತ್ತದೆ: ಸಿಗುವುದು 7. ಅಂತರ 200 ಎಂಎಂ ಇದ್ದರೆ ಅದೇ ತಪ್ಪಿಗೆ 50 ಎಂಎಂ: ಸಿಗುವುದು 4. ಅದೇ, ಸೈಟ್‌ಗಳು ಸಾಲಾಗಿದ್ದು ಇಡೀ ಕೈ 10 ಎಂಎಂ ಪಕ್ಕಕ್ಕೆ ತೇಲಿದರೆ ಹೋಗುವುದು ಒಂದೇ ಅಂಕ. ಕೈ ಅಲುಗುವುದಕ್ಕೆ ಹೆದರಬೇಡಿ, ಸೈಟ್ ಸಾಲು ತಪ್ಪುವುದಕ್ಕೆ ಹೆದರಿ. ಅದಕ್ಕೆ ಉದ್ದದ ಸೈಟ್ ಅಂತರವೂ ಹಗುರ ಟ್ರಿಗರೂ ಬೇಕು.

ಇನ್ನು ನಿಮ್ಮ ಎರಡನೆಯ ದಾರಿ. ಲಿವರ್ ಒಂದು ಸಲ ತೆರೆದು ಮುಚ್ಚಿದರೆ ಒಂದು ಹೊಡೆತಕ್ಕೆ ಬೇಕಾದ ಗಾಳಿ ಒತ್ತಿಕೊಳ್ಳುತ್ತದೆ. ಸಿಲಿಂಡರ್ ಬೇಡ, ಪಂಪ್ ಬೇಡ, ಗಡುವು ದಿನಾಂಕ ಇಲ್ಲ, ಹಿಂದೊದೆತ ಇಲ್ಲವೆನ್ನುವಷ್ಟು ಕಡಿಮೆ. ರಷ್ಯಾದ ಇಝ್-46ಎಂ ಇದೇ ಜಾತಿಯದು. ಅದರ ನಳಿಗೆಯ ನಿಖರತೆ ಕಲಿಯುವವರ ಕೈಗಿಂತ ಬಹಳ ಮುಂದಿದೆ. ತೊಂದರೆ ಒಂದೇ: ಸ್ಪರ್ಧೆಯಲ್ಲಿ 60 ಹೊಡೆತ, ಅದಕ್ಕೆ ಮುಂಚೆ ಅಭ್ಯಾಸದ ಹೊಡೆತಗಳು, ಅಂದರೆ ಎಂಬತ್ತು ಸಲ ಲಿವರ್ ಎಳೆಯಬೇಕು. ತೋಳು ದಣಿಯುತ್ತದೆ, ಎದೆಬಡಿತ ಏರುತ್ತದೆ. ಲಿವರ್ ಮುಚ್ಚಿದ ಮೇಲೆ ಕೈ ಇಳಿಸಿ ಎರಡು ಮೂರು ಉಸಿರು ತೆಗೆದುಕೊಂಡು ಆಮೇಲೆ ಎತ್ತಿದರೆ ಸಂಭಾಳಿಸಬಹುದು.

ಹಳೆಯ ಸ್ಪ್ರಿಂಗ್ ಮ್ಯಾಚ್ ಪಿಸ್ತೂಲುಗಳೂ ಮಾರಾಟಕ್ಕೆ ಬರುತ್ತವೆ, ಫೈನ್‌ವರ್ಕ್‌ಬಾವ್ 65 ಥರದವು. ಒದೆತವನ್ನು ಒಳಗಿನ ಜಾರುವ ಹಳಿಯಲ್ಲೇ ನುಂಗಿಕೊಳ್ಳುವ ಜಾಣ ಯಂತ್ರ ಅದು. ಆದರೆ ಸೀಲು, ಬಫರು ವಯಸ್ಸಾಗಿ ಪುಡಿಯಾಗಿರಬಹುದು. ಬಿಚ್ಚಿ ಕೂಡಿಸಬಲ್ಲವರು ಹತ್ತಿರದಲ್ಲಿಲ್ಲದಿದ್ದರೆ ಕೈ ಹಾಕಬೇಡಿ.

ಹಳೇಸೀಲು:
ಮೂರನೆಯ ದಾರಿಯ ಬಗ್ಗೆ ನಾನು ಹೇಳುತ್ತೇನೆ. ಸ್ಟೈಯರ್ ಎಲ್‌ಪಿ 10, ಮೊರಿನಿ 162 ಇಂಥವು ಹತ್ತಿಪ್ಪತ್ತು ವರ್ಷ ಬಳಸಿದ ಮೇಲೂ ಚೆನ್ನಾಗಿಯೇ ಹೊಡೆಯುತ್ತವೆ. ಏಮಾರುವುದು ಪಿಸ್ತೂಲಿನಲ್ಲಲ್ಲ, ಸಿಲಿಂಡರಿನಲ್ಲಿ.

ಸಿಲಿಂಡರಿನ ಮೇಲೆ ಅಚ್ಚೊತ್ತಿದ ದಿನಾಂಕವನ್ನು ಮೊದಲು ಓದಿ. ಹೆಚ್ಚಿನ ತಯಾರಕರು ಅದಕ್ಕೆ 10 ವರ್ಷದ ಆಯಸ್ಸು ಕೊಟ್ಟಿರುತ್ತಾರೆ. ಅವಧಿ ಮುಗಿದದ್ದನ್ನು ಸ್ಪರ್ಧೆಯಲ್ಲಿ ಬಳಸುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ, 200 ಬಾರ್ ಒತ್ತಡದ ಕೊಳವೆಯೊಂದು ಮೂಗಿನ ಮುಂದೆ ಇರುತ್ತದೆ ಅನ್ನುವುದು ನೆನಪಿರಲಿ. ಅವಧಿ ಮುಗಿದಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನು ಚೌಕಾಸಿಯಲ್ಲೇ ಕಳೆಯಿರಿ. ಆ ಮಾದರಿಗೆ ಹೊಸ ಸಿಲಿಂಡರ್ ಈಗಲೂ ಸಿಗುತ್ತದೆಯೇ ಅಂತ ಮುಂಗಡ ಕೊಡುವ ಮೊದಲೇ ಕೇಳಿ. ಸಿಗದಿದ್ದರೆ ಅದು ಕಾಗದ ಹಾರದಂತೆ ಇಡುವ ಭಾರ ಮಾತ್ರ.

ಆಮೇಲೆ ಸೋರಿಕೆ. ತುಂಬಿ, ಗೇಜ್‌ನ ಫೋಟೋ ತೆಗೆದು, 24 ಗಂಟೆ ಬಿಟ್ಟು ಮತ್ತೆ ನೋಡಬೇಕು. ತುಂಬಿದ ತಕ್ಷಣದ ಓದು ಲೆಕ್ಕಕ್ಕಿಲ್ಲ, ಗಾಳಿ ಬಿಸಿಯಾಗಿರುತ್ತದೆ, ತಣ್ಣಗಾದಾಗ ಮುಳ್ಳು ತುಸು ಇಳಿಯುತ್ತದೆ. ಅರ್ಧ ಗಂಟೆ ಬಿಟ್ಟ ಮೇಲಿನ ಓದಿನಿಂದ ಲೆಕ್ಕ ಹಾಕಿ. ಅದಾದ ಮೇಲೂ ಇಳಿಯುತ್ತಿದ್ದರೆ ಬಹುಪಾಲು ಓ-ರಿಂಗ್ (ಸೀಲಿನ ರಬ್ಬರ್ ಬಳೆ) ದೋಷ, ಸರಿಪಡಿಸಬಹುದಾದದ್ದೇ. ನಳಿಗೆಯ ಹಿಂಬಾಯಿಯ ಸೀಲ್ ನೋಡಲು ಟಿಶ್ಯೂ ಕಾಗದದ ಬೆರಳಗಲದ ಪಟ್ಟಿಯೊಂದನ್ನು ಮುಚ್ಚಿದ ಆ ಹಿಂಬಾಯಿಯ (ಬ್ರೀಚ್) ಪಕ್ಕ ಇಟ್ಟು, ಪೆಲೆಟ್ ಹಾಕಿ, ಗುರಿಯ ಕಡೆಗೆ ಹೊಡೆಯಿರಿ. ಪಟ್ಟಿ ಪಟಪಟ ಅಂದರೆ ಗಾಳಿ ಅಲ್ಲಿಂದ ತಪ್ಪಿಸಿಕೊಳ್ಳುತ್ತಿದೆ.

ವೇಗ ಅಳೆಯುವ ಯಂತ್ರ ಸಿಕ್ಕರೆ ಹತ್ತು ಹೊಡೆತ ಅಳೆಯಿರಿ. ಮ್ಯಾಚ್ ಪಿಸ್ತೂಲುಗಳ ವೇಗ ಸೆಕೆಂಡಿಗೆ ಸುಮಾರು 150 ಮೀಟರ್. ಐದಾರು ಮೀಟರ್ ಹೆಚ್ಚುಕಡಿಮೆ ಕಂಡ ಕೂಡಲೇ ಗಾಬರಿ ಬೇಡ: 150ಕ್ಕೆ ಪೆಲೆಟ್ 10 ಮೀಟರಿನಲ್ಲಿ ಸುಮಾರು 22 ಎಂಎಂ ಕೆಳಗಿಳಿಯುತ್ತದೆ, 145ಕ್ಕೆ 23ರ ಮೇಲೆ ಸ್ವಲ್ಪ. ವ್ಯತ್ಯಾಸ ಒಂದೂವರೆ ಎಂಎಂ, ಕಲಿಯುವವರಿಗೆ ಅದು ಕಾಣುವುದೂ ಇಲ್ಲ. ನೋಡಬೇಕಾದದ್ದು ಬೇರೆ. ಐದು ಹೊಡೆತ ಹೊಡೆದು ಹತ್ತು ನಿಮಿಷ ಸುಮ್ಮನೆ ಬಿಟ್ಟು ಮತ್ತೊಂದು ಹೊಡೆಯಿರಿ. ಆ ಮೊದಲ ಹೊಡೆತ ಮಾತ್ರ ಪ್ರತಿ ಸಲವೂ ಜೋರಾಗಿ ಹೋದರೆ ರೆಗ್ಯುಲೇಟರ್ (ಪ್ರತಿ ಹೊಡೆತಕ್ಕೂ ಒಂದೇ ಒತ್ತಡ ಕೊಡುವ ಭಾಗ) ಬಿಗಿಯಾಗಿ ಮುಚ್ಚುತ್ತಿಲ್ಲ, ಒತ್ತಡ ಮೆಲ್ಲಗೆ ಒಳಗೆ ಜಿನುಗುತ್ತಿದೆ ಅಂತ ಅರ್ಥ. ಅದು ಸರ್ವೀಸ್ ಕೆಲಸ.

ಕೊನೆಗೆ ಸ್ಕ್ರೂಗಳ ತಲೆ ನೋಡಿ. ಸೀಳು ಕಿತ್ತುಹೋಗಿದ್ದರೆ ಗೊತ್ತಿಲ್ಲದವರು ಯಾರೋ ಒಳಗೆ ಕೈಯಾಡಿಸಿದ್ದಾರೆ. ಮರದ ಹಿಡಿಯನ್ನು ಎಷ್ಟು ಉಜ್ಜಿ ಕೆತ್ತಿದ್ದರೂ ಚಿಂತೆಯಿಲ್ಲ, ಅದು ಹೇಗೂ ನಿಮ್ಮ ಕೈಗೆ ಬದಲಾಗಬೇಕಾದದ್ದೇ. ಹಿಡಿ ಎಡಗೈಯದೋ ಬಲಗೈಯದೋ ಅನ್ನುವುದನ್ನು ಮಾತ್ರ ಫೋಟೋದಲ್ಲೇ ಖಚಿತಪಡಿಸಿಕೊಳ್ಳಿ.

ಹಳೆಯ ಸಿಒ2 ಮ್ಯಾಚ್ ಪಿಸ್ತೂಲು ಇನ್ನೂ ಅಗ್ಗಕ್ಕೆ ಬರುತ್ತದೆ. 20 ಡಿಗ್ರಿಯಲ್ಲಿ ಸಿಒ2 ಒತ್ತಡ ಸುಮಾರು 57 ಬಾರ್, 0 ಡಿಗ್ರಿಯಲ್ಲಿ 35ರ ಆಸುಪಾಸು. ಋತು ಬದಲಾದಂತೆಲ್ಲ ಸೈಟ್ ತಿರುಗಿಸುತ್ತಿರಬೇಕು. ಒಳಾಂಗಣದಲ್ಲಿ ಸದಾ ಒಂದೇ ಬಿಸಿ ಇದ್ದರೆ ಕೊಳ್ಳಬಹುದು.

ಹೊಸಗುರಿ:
ತುಂಬಾ ಉಪಯೋಗವಾಯಿತು. ಎರಡು ಅನುಮಾನ ಉಳಿದಿವೆ. ನನ್ನದು ಸಣ್ಣ ಕೈ, ಮಾರಾಟಕ್ಕಿರುವುದರಲ್ಲಿ ಹೆಚ್ಚಿನವು ಎಂ ಅಥವಾ ಎಲ್ ಅಳತೆಯ ಹಿಡಿ. ಬಲಗೈಯಲ್ಲಿ ಹಿಡಿಯುತ್ತೇನೆ, ಆದರೆ ಎಡಗಣ್ಣು ಬಲವಾದದ್ದು. ಇದಕ್ಕೇನು ಮಾಡುವುದು? ಸಿಲಿಂಡರಿಗೆ ಗಾಳಿ ತುಂಬುವುದು ಹೇಗೆ ಅನ್ನುವುದನ್ನೂ ಹೇಳಿ.

ಮರದಹಿಡಿ:
ಕಣ್ಣಿನ ಮಾತು ಮೊದಲು, ಯಾಕೆಂದರೆ ಅದು ಸುಲಭ. ಪಿಸ್ತೂಲು ಚಾಚಿದ ಕೈಯಲ್ಲಿರುತ್ತದೆ, ರೈಫಲ್ ಹಾಗೆ ಕೆನ್ನೆಗೆ ಒತ್ತಿಕೊಂಡಿರುವುದಿಲ್ಲ. ತಲೆ ತುಸು ಬಲಕ್ಕೆ ತಿರುಗಿಸಿದರೆ ಎಡಗಣ್ಣಿನಿಂದಲೇ ಗುರಿ ನೋಡಬಹುದು. ಇನ್ನೊಂದು ಕಣ್ಣನ್ನು ಮುಚ್ಚಬೇಡಿ, ಮುಖ ಬಿಗಿದು ಬೇಗ ದಣಿಯುತ್ತದೆ. ಕನ್ನಡಕದ ಆ ಬದಿಗೆ 30 ಎಂಎಂ ಮೀರದ ಮಾಸಲು ಪ್ಲಾಸ್ಟಿಕ್ ತುಂಡು ಸಿಕ್ಕಿಸಿದರೆ ಸಾಕು.

ಹಿಡಿ ಮಾತ್ರ ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ಅಳತೆ ನೋಡುವ ಬಗೆ ಹೀಗೆ. ಪಿಸ್ತೂಲು ಖಾಲಿ ಅಂತ ಖಾತ್ರಿ ಮಾಡಿಕೊಂಡು, ಗುರಿಯ ಕಡೆಗೇ ಮುಖ ಮಾಡಿ ನಿಂತು ಹಿಡಿಯಿರಿ. ಕಣ್ಣು ಮುಚ್ಚಿ ಕೈ ಎತ್ತಿ, ನೆಲೆಗೆ ಬಂದ ಮೇಲೆ ಕಣ್ಣು ತೆರೆಯಿರಿ. ಮಣಿಕಟ್ಟು ತಿರುಚದೆ ಮುಂದಿನ ಸೈಟ್ ಸೀಳಿನ ನಡುವೆ ಕೂತಿದ್ದರೆ ಹಿಡಿ ಸರಿ. ಪ್ರತಿ ಸಲ ಒಂದೇ ಬದಿಗೆ ವಾಲಿದ್ದರೆ ಅಂಗೈ ಉಬ್ಬಿನ ಕಡೆ ಮರ ಹೆಚ್ಚಾಗಿದೆ ಅಥವಾ ಕಡಿಮೆಯಾಗಿದೆ. ಆಮೇಲೆ ತೋರುಬೆರಳು: ಮೊದಲ ಗೆಣ್ಣಿನ ಮೆತ್ತೆ ಟ್ರಿಗರ್ ಮೇಲೆ ಕೂತು ನೇರ ಹಿಂದಕ್ಕೆ ಎಳೆಯಬೇಕು, ಬೆರಳಿನ ಬುಡ ಮರಕ್ಕೆ ತಾಗಬಾರದು. ಬುಡ ಒರೆಸಿಕೊಂಡು ಹೋದರೆ ಎಳೆದಾಗಲೆಲ್ಲ ಪಿಸ್ತೂಲು ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ. ಸಣ್ಣ ಕೈಗೆ ದೊಡ್ಡ ಹಿಡಿ ಸಿಕ್ಕಾಗ ಆಗುವ ಎಡವಟ್ಟು ಇದೇ, ಮತ್ತು ಜನ ಅದನ್ನು ಸೈಟ್ ತಿರುಗಿಸಿ ಸರಿಮಾಡಲು ಹೋಗುತ್ತಾರೆ.

ದೊಡ್ಡ ಹಿಡಿಯನ್ನು ಚಿಕ್ಕದು ಮಾಡಬಹುದು. ಎಲ್ಲೆಲ್ಲಿ ಒತ್ತುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, 80 ನಂಬರಿನ ಉಪ್ಪು ಕಾಗದದಿಂದ ಉಜ್ಜಿ, 120ರಿಂದ ಮುಗಿಸಿ. ಪ್ರತಿ ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಹಿಡಿದು ನೋಡಿ. ತೆಗೆದ ಮರ ವಾಪಸ್ ಬರುವುದಿಲ್ಲ. ಬಂದರೂ ಎಪಾಕ್ಸಿ ಪುಟ್ಟಿಯ ರೂಪದಲ್ಲಿ. ಪುಟ್ಟಿ ಹಚ್ಚಿ ಒಣಗುವ ಮುಂಚೆ ಕೈಗೆ ತೆಳು ಪ್ಲಾಸ್ಟಿಕ್ ಸುತ್ತಿ ಒತ್ತಿ ಹಿಡಿದರೆ ನಿಮ್ಮದೇ ಅಚ್ಚು ಮೂಡುತ್ತದೆ. ಹಿಡಿ ಮಣಿಕಟ್ಟನ್ನು ಸುತ್ತುವಂತೆ ಮಾತ್ರ ಕಟ್ಟಬೇಡಿ, ಸ್ಪರ್ಧೆಯ ತಪಾಸಣೆಯಲ್ಲಿ ಪಿಸ್ತೂಲು ಹೊರಗುಳಿಯುತ್ತದೆ.

ಟ್ರಿಗರ್ ಕನಿಷ್ಠ 500 ಗ್ರಾಂ ಎಳೆತ ತಡೆಯಬೇಕು ಅನ್ನುವುದು ನಿಯಮ. ಸರಿಯಾಗಿ 500ಕ್ಕೇ ಇಟ್ಟರೆ ತಪಾಸಣೆಯ ದಿನ ಕೈಕೊಡುತ್ತದೆ, 520ರ ಹತ್ತಿರ ಇಡಿ. ಟ್ರಿಗರ್ ಎಳೆತಕ್ಕೆ ಎರಡು ಹಂತ: ಮೊದಲು ಸಡಿಲ ಎಳೆತ, ಆಮೇಲೆ ಹೊಡೆತ ಬಿಡುವ ಎಳೆತ. ಆ 520ರಲ್ಲಿ 350–400 ಮೊದಲ ಹಂತಕ್ಕೆ ಹೋಗಲಿ, ಉಳಿದದ್ದು ಎರಡನೆಯದಕ್ಕೆ. ಮೊದಲ ಹಂತ ತೀರಾ ಹಗುರವಾದರೆ ಎರಡನೆಯ ಹಂತ ಗೋಡೆಯ ಹಾಗೆ ಸಿಕ್ಕಿ ಬೆರಳು ಅಲ್ಲೇ ತಡವರಿಸುತ್ತದೆ.

ಹತ್ತರವೃತ್ತ:
ಗಾಳಿ ತುಂಬುವ ಮಾತು. ಮುಳುಗುಗಾರರು ಬಳಸುವ ದೊಡ್ಡ ಟ್ಯಾಂಕ್ ಇರುವ ರೇಂಜ್ (ಗುರಿ ಅಭ್ಯಾಸದ ಜಾಗ) ಹತ್ತಿರವಿದ್ದರೆ ಅಡಾಪ್ಟರ್ ಒಂದಿದ್ದರೆ ಸಾಕು. ಒಂದು ಸಲ ತುಂಬಿದರೆ ಸುಮಾರು ನೂರೈವತ್ತು ಹೊಡೆತ. ಅಂಥ ರೇಂಜ್ ಇಲ್ಲದಿದ್ದರೆ ಕೈಪಂಪ್, ಅದರ ಬೆಲೆಯನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿ. ಬಜೆಟ್ ಒಡೆಯುವುದು ಇಲ್ಲೇ. ಪಂಪಿನ ತೇವ ಹೀರುವ ಫಿಲ್ಟರ್ ಬದಲಿಸದಿದ್ದರೆ ನೀರು ಸಿಲಿಂಡರಿನೊಳಗೆ ಸೇರಿ ತುಕ್ಕು ಹಿಡಿಸುತ್ತದೆ. ಕವಾಟ ಮೆಲ್ಲಗೆ ತೆರೆಯಿರಿ, 200 ಮೀರಬೇಡಿ. ವೆಲ್ಡಿಂಗಿನ ಅಥವಾ ಆಸ್ಪತ್ರೆಯ ಆಕ್ಸಿಜನ್ ಯಾವತ್ತೂ ತುಂಬಬೇಡಿ: ಒಳಗಿರುವ ಗ್ರೀಸ್‌ಗೆ ಒತ್ತಡದ ಆಕ್ಸಿಜನ್ ತಾಗಿದರೆ ಬೆಂಕಿ ಹೊತ್ತಿ ಸಿಡಿಯುತ್ತದೆ.

ಒಂದೇಡಬ್ಬಿ:
ಪಿಸ್ತೂಲಿಗೇ ಎಲ್ಲ ಹಣ ಸುರಿಯಬೇಡಿ ಅನ್ನುವುದು ನನ್ನ ಅಭಿಪ್ರಾಯ, ಮೇಲಿನವರು ಇದನ್ನು ಅಷ್ಟಾಗಿ ಹೇಳಲಿಲ್ಲ. ದಿನಕ್ಕೆ 60ರಂತೆ ವಾರಕ್ಕೆ ನಾಲ್ಕು ದಿನ ಅಂದರೆ 240 ಪೆಲೆಟ್, 500ರ ಡಬ್ಬಿ ಎರಡು ವಾರಕ್ಕೆ ಖಾಲಿ. ವರ್ಷಕ್ಕೆ ಇಪ್ಪತ್ತೈದು ಡಬ್ಬಿ. ಆ ಹಣವನ್ನು ಮೊದಲೇ ಪಕ್ಕಕ್ಕಿಟ್ಟು, ಉಳಿದದ್ದರಲ್ಲಿ ಪಿಸ್ತೂಲು ನೋಡಿ. ಚಪ್ಪಟೆ ಮೂತಿಯ, 0.45ರಿಂದ 0.53 ಗ್ರಾಂ ತೂಕದವೇ ಬೇಕು, ಅವು ಕಾಗದವನ್ನು ದುಂಡಗೆ ಕತ್ತರಿಸುತ್ತವೆ, ಅಂಕ ಓದುವುದು ಸುಲಭ. 4.49, 4.50 ಅಂತ ತಲೆಯ ಅಳತೆ ಆರಿಸುತ್ತ ಕೂರುವುದು ಆಮೇಲಿನ ಮಾತು. ಡಬ್ಬಿ ಕೆಳಗೆ ಬೀಳಿಸಬೇಡಿ. ಪೆಲೆಟ್‌ನ ಹಿಂಬದಿಯ ತೆಳು ಲಂಗ ಜಜ್ಜಿದರೆ ಒಳ್ಳೆಯ ಪೆಲೆಟ್ ಕೂಡ ದಿಕ್ಕು ತಪ್ಪುತ್ತದೆ.

ದುಡ್ಡೇ ಬೇಡದ ಅಭ್ಯಾಸವೂ ಇದೆ, ಡ್ರೈ ಫೈರಿಂಗ್. ಖಾಲಿ ಪಿಸ್ತೂಲು, ಎದುರಿಗೆ ಬಿಳಿ ಗೋಡೆ, ಟ್ರಿಗರ್ ಬಿಟ್ಟ ಕ್ಷಣ ಸೈಟ್ ಅಲುಗಿತೇ ಅಂತ ನೋಡುವುದು. ಹೆಚ್ಚಿನ ಮ್ಯಾಚ್ ಪಿಸ್ತೂಲುಗಳಲ್ಲಿ ಇದಕ್ಕೇ ಒಂದು ಗುಂಡಿ ಇರುತ್ತದೆ. ಸ್ಪ್ರಿಂಗ್ ಪಿಸ್ತೂಲನ್ನು ಮಾತ್ರ ಪೆಲೆಟ್ ಇಲ್ಲದೆ ಬಿಡಬೇಡಿ, ತಡೆಯುವ ಗಾಳಿಯಿಲ್ಲದೆ ಪಿಸ್ಟನ್ ಮುಂದಿನ ಗೋಡೆಗೆ ಬಡಿದು ಸೀಲ್ ಒಡೆಯುತ್ತದೆ.

ಹಳೇಸೀಲು:
ಒಂದೇಡಬ್ಬಿಯವರ ಲೆಕ್ಕ ಒಪ್ಪಿದೆ. ಹಾಗಾದರೆ ಹೊಸಗುರಿಯವರಿಗೆ ನನ್ನ ಉತ್ತರ: ಗಾಳಿ ತುಂಬುವ ಅನುಕೂಲ ಹತ್ತಿರವಿದ್ದು, ಮೂರು ನಾಲ್ಕು ವರ್ಷ ಅವಧಿ ಉಳಿದಿರುವ ಸಿಲಿಂಡರ್ ಸಿಕ್ಕರೆ ಬಳಸಿದ ಮ್ಯಾಚ್ ಪಿಸ್ತೂಲು. ಎರಡರಲ್ಲಿ ಒಂದು ಇಲ್ಲದಿದ್ದರೂ ಲಿವರಿನದು.

ಮುಂಗಡ ಕೊಡುವ ಮೊದಲು ನಿಮ್ಮಲ್ಲಿ ಪರವಾನಗಿ ನಿಯಮ ಏನಿದೆ ಅಂತ ಓದಿಕೊಳ್ಳಿ. ಕೆಲವೆಡೆ ಪೆಲೆಟ್ ಶಕ್ತಿಯ ಮಿತಿಯನ್ನು ಜೌಲ್‌ನಲ್ಲಿ ಹೇಳಿರುತ್ತಾರೆ. ಅರ್ಧ ಗ್ರಾಂ ಪೆಲೆಟ್ 150 ಮೀಟರ್ ವೇಗದಲ್ಲಿ ಹೋದರೆ ಸುಮಾರು 5.6 ಜೌಲ್. ಅಷ್ಟಕ್ಕೆ ಕಣ್ಣು ಹೋಗುತ್ತದೆ. ಕನ್ನಡಕ ಹಾಕಿಕೊಳ್ಳಿ, ಗುರಿಯ ಹಿಂದೆ ಬಾಗಿಲು ಇರಬಾರದು, ಹೊಡೆಯದಿರುವಾಗ ನಳಿಗೆಯ ಈ ತುದಿಯಿಂದ ಆ ತುದಿಗೆ ಎದ್ದುಕಾಣುವ ಬಣ್ಣದ ಪ್ಲಾಸ್ಟಿಕ್ ದಾರ ತೂರಿಸಿಡಿ. ದಾರ ಎರಡೂ ಕಡೆ ಕಂಡರೆ ಒಳಗೆ ಪೆಲೆಟ್ ಇಲ್ಲ ಅಂತ ದೂರದಿಂದಲೇ ಗೊತ್ತಾಗುತ್ತದೆ. ಪೆಲೆಟ್ ಸೀಸದ್ದು, ಕೈ ತೊಳೆಯದೆ ಏನೂ ತಿನ್ನಬೇಡಿ.

ಹೊಸಗುರಿ:
ರೇಂಜ್‌ನಲ್ಲಿ ಟ್ಯಾಂಕ್ ಇದೆ. ನೋಡಿಟ್ಟಿದ್ದ ಪಿಸ್ತೂಲಿನ ಸಿಲಿಂಡರ್ ಫೋಟೋ ತರಿಸಿ ನೋಡಿದೆ, ಉಳಿದಿರುವುದು ಏಳು ತಿಂಗಳು. ಹೊಸ ಸಿಲಿಂಡರಿನ ಬೆಲೆ ಕಳೆದು ಕೇಳುತ್ತೇನೆ, ಒಪ್ಪದಿದ್ದರೆ ಲಿವರಿನದಕ್ಕೇ ಹೋಗುತ್ತೇನೆ.