ಸಹಾಯ ಬೇಕು: ಮಕ್ಕಳ ಕೊರೊನಾ ಆಂಟಿಬಾಡಿ ಸರ್ವೆಗೆ ಪೋಷಕರನ್ನ ಒಪ್ಸೋದು ಹೇಗೆ?

ಎಲ್ರಿಗೂ ನಮಸ್ಕಾರ, ನಾನು ಕಮ್ಯುನಿಟಿ ಮೆಡಿಸಿನ್ ಪಿಜಿ, ಥೀಸಿಸ್‌ಗೆ ಶಾಲಾ ಮಕ್ಕಳ ರಕ್ತದಲ್ಲಿ ಕೊರೊನಾ ಆಂಟಿಬಾಡಿ (ಸೋಂಕು ಅಥವಾ ಲಸಿಕೆ ಆದ್ಮೇಲೆ ದೇಹ ತಯಾರಿಸೋ ರಕ್ಷಣಾ ಪ್ರೋಟೀನ್) ಎಷ್ಟಿದೆ ಅಂತ ನೋಡ್ತಿದೀನಿ. ಮಕ್ಕಳಿಗೆ ಎಷ್ಟೋ ಸಲ ಲಕ್ಷಣಾನೇ ಇರಲ್ಲ, ಟೆಸ್ಟೂ ಮಾಡ್ಸಿರಲ್ಲ, ಹಾಗಾಗಿ ಸೋಂಕು ಎಷ್ಟು ಹರಡಿತ್ತು ಅಂತ ಗೊತ್ತಾಗೋದು ಈ ಟೆಸ್ಟಿಂದಾನೇ. 2021ರ ಜೂನ್-ಜುಲೈ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸರ್ವೆಲಿ 6ರಿಂದ 9 ವರ್ಷದ ಮಕ್ಕಳಲ್ಲೇ ಶೇ. 57.2 ಜನಕ್ಕೆ ಆಂಟಿಬಾಡಿ ಇತ್ತು, ಆಗ ಆ ವಯಸ್ಸಿನವರಿಗೆ ಲಸಿಕೇನೇ ಇರ್ಲಿಲ್ಲ ನೋಡಿ.

ಕಷ್ಟ ಆಗ್ತಿರೋದು ಒಪ್ಪಿಗೆ ತಗೊಳೋದ್ರಲ್ಲಿ. ಒಬ್ರು ಅಜ್ಜಿ ಮೊಮ್ಮಗಳ ಕೈ ಗಟ್ಟಿಯಾಗಿ ಹಿಡ್ಕೊಂಡು "ಚೆನ್ನಾಗಿರೋ ಮಗೀಗೆ ಯಾಕವ್ವ ಸೂಜಿ ಚುಚ್ತೀಯ" ಅಂದ್ರು, ಆ ಪ್ರಶ್ನೆ ನ್ಯಾಯವಾದ್ದೇ, ಅದಕ್ಕೆ ಸರಿಯಾದ ಉತ್ತರ ಕೊಡ್ಲೇಬೇಕು. 7 ವರ್ಷ ಮೇಲಿನ ಮಕ್ಕಳನ್ನೂ ಕೇಳಿ ಒಪ್ಸಬೇಕು, ಒತ್ತಾಯ ಮಾಡೋದು ನಂಗೆ ಇಷ್ಟ ಇಲ್ಲ.

ಯಾರ ಹತ್ರ ಆದ್ರೂ ಹಳ್ಳಿ ಜನಕ್ಕೆ ಅರ್ಥ ಆಗೋ ಕನ್ನಡ ಒಪ್ಪಿಗೆ ಪತ್ರ ಇದ್ರೆ ಕಳ್ಸಿ ಪ್ಲೀಸ್. ಬೆರಳ ತುದಿಯಿಂದ ಒಂದೆರಡು ಹನಿ ತಗೊಂಡು ಫಿಲ್ಟರ್ ಪೇಪರ್ ಮೇಲೆ ಒಣಗ್ಸಿ ಟೆಸ್ಟ್ ಮಾಡಿರೋರು ಇದ್ರೆ ಮಳೆಗಾಲದಲ್ಲಿ ಹೇಗೆ ಕಾಪಾಡಿದ್ರಿ ಹೇಳಿ. ಇನ್ನೊಂದು, ಕೋರ್ಬೆವ್ಯಾಕ್ಸ್ ಲಸಿಕೆ (ಇದ್ರಲ್ಲಿ ವೈರಸ್ಸಿನ ಹೊರಗಿನ ಸ್ಪೈಕ್ ಪ್ರೋಟೀನಿನ ಭಾಗ ಮಾತ್ರ ಇರೋದು) ತಗೊಂಡ ಮಕ್ಕಳಲ್ಲಿ ನ್ಯೂಕ್ಲಿಯೊಕ್ಯಾಪ್ಸಿಡ್ (ವೈರಸ್ಸಿನ ಒಳಗಿನ ಪ್ರೋಟೀನ್) ವಿರುದ್ಧದ ಆಂಟಿಬಾಡಿ ಬಂದ್ರೆ ಅದು ಸೋಂಕಿಂದು ಅನ್ನಬಹುದು, ಆದ್ರೆ ಕೋವ್ಯಾಕ್ಸಿನ್ ಲಸಿಕೇಲಿ ನಿಷ್ಕ್ರಿಯ ಮಾಡಿದ ಇಡೀ ವೈರಸ್ಸೇ ಇರೋದ್ರಿಂದ ಆಂಟಿಬಾಡಿ ಸೋಂಕಿಂದೋ ಲಸಿಕೆಯಿಂದೋ ಅಂತ ಹೇಳಕ್ಕಾಗಲ್ಲ, ಆ ಮಕ್ಕಳನ್ನ ಬಿಡೋದಾ ಅಥವಾ ಬೇರೆ ಗುಂಪು ಮಾಡೋದಾ? ಅನುಭವ ಇರೋ ಮೇಡಂ, ಸರ್ ಯಾರಾದ್ರೂ ಇಲ್ಲೇ ಕಾಮೆಂಟ್ ಮಾಡಿ, ಆಶಾ ಅಕ್ಕಂದಿರು ಹೇಳಿದ್ರೂ ತುಂಬಾ ಉಪಕಾರ ಆಗುತ್ತೆ.